ಹಿತ್ತಲಿಗೆ ಯಾವ ತಳಿಯ ಕೋಳಿ?

ಕೇಳುಗರಿಗೆ ನಮಸ್ಕಾರ. ಮೊದಲ ಸಲ ಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ಕೇಳುವುದು, ಹೆಚ್ಚು ಮೊಟ್ಟೆ ಇಡುವ ತಳಿ ಯಾವುದು ಅಂತ. ಉತ್ತರ ಸುಲಭ: ಬಿಳಿ ಲೆಗ್‌ಹಾರ್ನ್. ಇಟಲಿ ಮೂಲದ ಈ ಹಕ್ಕಿ ವರ್ಷಕ್ಕೆ 280ರ ಆಸುಪಾಸು ಮೊಟ್ಟೆ ಕೊಡುತ್ತದೆ. ಹೇಂಟೆಯ ತೂಕ ಎರಡು ಕಿಲೋ ಆಚೀಚೆ, ಹಾಗಾಗಿ ಮೇವಿನ ಖರ್ಚೂ ಕಡಿಮೆ. ಆದರೂ ಹೊಸಬರಿಗೆ ಇದು ಬೇಡ ಎನ್ನುತ್ತೇನೆ. ಮೈ ಹಗುರ, ಸ್ವಭಾವ ಗಾಬರಿಯದು. ನಾಲ್ಕಡಿ ಬೇಲಿ ಅದಕ್ಕೆ ಲೆಕ್ಕವೇ ಇಲ್ಲ. ಮೇಲೆ ಬಲೆ ಹಾಕದಿದ್ದರೆ ಸಂಜೆ ಗೂಡಿಗೆ ಸೇರಿಸುವುದೇ ದಿನನಿತ್ಯದ ಓಟವಾಗುತ್ತದೆ.

ಮೊದಲ ಮಂದೆಗೆ ಹೊಂದುವುದು ಎರಡೂವರೆಯಿಂದ ಮೂರು ಕಿಲೋ ತೂಗುವ, ನಿಧಾನ ಸ್ವಭಾವದ ಹೇಂಟೆ. ರೋಡ್ ಐಲ್ಯಾಂಡ್ ರೆಡ್, ಪಟ್ಟೆಯ ಪ್ಲಿಮತ್ ರಾಕ್, ಸಸೆಕ್ಸ್, ಆಸ್ಟ್ರಲಾರ್ಪ್, ಇವೆಲ್ಲ ಈ ಗುಂಪಿನವು. ರೋಡ್ ಐಲ್ಯಾಂಡ್ ರೆಡ್ ಗಟ್ಟಿ ಜೀವ, ಆದರೆ ಅದರ ಹುಂಜ ಕೆಲವೊಮ್ಮೆ ಮೈಮೇಲೆ ಬರುತ್ತದೆ. ಮೊಟ್ಟೆಗಷ್ಟೇ ಸಾಕುವವರಿಗೆ ಹುಂಜ ಬೇಕೇ ಇಲ್ಲ ಬಿಡಿ.

ಆಸ್ಟ್ರಲಾರ್ಪ್ ಬಗ್ಗೆ ಒಂದು ಮಾತು. 1922–23ರಲ್ಲಿ ಆಸ್ಟ್ರೇಲಿಯದಲ್ಲಿ ಈ ತಳಿಯ ಆರು ಹೇಂಟೆಗಳು 365 ದಿನಗಳಲ್ಲಿ 1,857 ಮೊಟ್ಟೆ ಇಟ್ಟು ದಾಖಲೆ ಮಾಡಿದವು. ತಲಾ 309ಕ್ಕಿಂತ ಹೆಚ್ಚಾಯಿತು. ಇದನ್ನು ಕೇಳಿ ತಂದವರಿಗೆ ವರ್ಷಕ್ಕೆ 200 ಸಿಕ್ಕಾಗ ಮೋಸ ಹೋದೆವು ಅನಿಸುತ್ತದೆ. ಮೋಸವಲ್ಲ. ಒಂದೇ ತಳಿಯೊಳಗೆ ಹಲವು ವಂಶಗಳಿರುತ್ತವೆ. ಪ್ರದರ್ಶನಕ್ಕೆಂದು ಗರಿ, ಮೈಕಟ್ಟು ನೋಡಿ ಬೆಳೆಸಿದ ವಂಶ ಮೊಟ್ಟೆಯಲ್ಲಿ ಹಿಂದೆ ಬೀಳುತ್ತದೆ. ಆದ್ದರಿಂದ ಮಾರುವವರನ್ನು ತಳಿಯ ಹೆಸರಿಗಿಂತ ಮುಂಚೆ ಕೇಳಬೇಕಾದ್ದು, ಇದರ ತಾಯಿ ಕೋಳಿಗಳು ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತವೆ ಅಂತ.

ಇನ್ನು ಹವಾಮಾನ. ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದರಿಂದ, ತಲೆಯ ಕೆಂಪು ಜುಟ್ಟು ಮತ್ತು ಗದ್ದದ ಜೋಲಿನಿಂದ ಮೈಯ ಬಿಸಿ ಹೊರಹಾಕುತ್ತದೆ. ಸೆಖೆಯ ಜಾಗಕ್ಕೆ ದೊಡ್ಡ ಜುಟ್ಟು, ತೆಳು ಗರಿಯ ತಳಿ ಒಳ್ಳೆಯದು. ಬೋಳುಕತ್ತಿನ ಕೋಳಿ ನೋಡಲು ಅಂದವಿಲ್ಲ, ಬಿಸಿಲಿಗೆ ಮಾತ್ರ ಅದರಂಥದ್ದು ಕಡಿಮೆ. ಹಿಮ ಬೀಳುವ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿ ದೊಡ್ಡ ಜುಟ್ಟಿನ ತುದಿ ಹೆಪ್ಪುಗಟ್ಟಿ ಕಪ್ಪಾಗಿ ಉದುರುತ್ತದೆ. ವಯಂಡಾಟ್ ತಳಿಯ ಜುಟ್ಟು ತಲೆಗೆ ಅಂಟಿಕೊಂಡಿರುವುದರಿಂದ ಅದಕ್ಕೆ ಆ ತೊಂದರೆ ಕಡಿಮೆ. ಮಳೆ, ಕೆಸರು ಹೆಚ್ಚಿದ್ದರೆ ಕಾಲಿನ ಮೇಲೆಲ್ಲ ಗರಿಯಿರುವ ಬ್ರಹ್ಮ ತಳಿ ಬೇಡ. ಕೆಸರು ಗರಿಗೆ ಮೆತ್ತಿ ಗಡ್ಡೆಯಾಗುತ್ತದೆ. ಸಿಲ್ಕಿ ತಳಿಯ ಗರಿ ನೀರು ತಡೆಯುವುದಿಲ್ಲ, ನೆನೆದರೆ ಚಳಿಗೆ ಮುದುಡುತ್ತದೆ. ಅದು ಆಗಾಗ ಕಾವಿಗೆ ಕೂರುವ ಹಕ್ಕಿ ಬೇರೆ, ಕೂತಷ್ಟು ದಿನ ಮೊಟ್ಟೆ ಇಲ್ಲ. ಮರಿ ಮಾಡಿಸುವವರಿಗೆ ಇದೇ ಗುಣ ವರ.

ಕಂದು ಬಣ್ಣದ ಮಿಶ್ರತಳಿಗಳು ಮೊದಲ ವರ್ಷ 300 ಮುಟ್ಟುತ್ತವೆ, ಮನುಷ್ಯರಿಗೂ ಬೇಗ ಒಗ್ಗುತ್ತವೆ. ಆದರೆ ಎರಡು ವರ್ಷ ದಾಟಿದ ಮೇಲೆ ಮೊಟ್ಟೆನಾಳದ ಕಾಯಿಲೆಗಳು ಇವುಗಳಲ್ಲಿ ಹೆಚ್ಚು. ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿಯ ಗುಣವೆಲ್ಲ ಬರುವುದಿಲ್ಲ. ಮಾಂಸದ ಬ್ರಾಯ್ಲರ್‌ಗಳನ್ನಂತೂ ಮೊಟ್ಟೆಗೆಂದು ತರಲೇಬೇಡಿ. ಮೈಭಾರ ತಾಳದೆ ಕಾಲು, ಹೃದಯ ಸೋಲುತ್ತವೆ.

ಲಿಂಗ ನೋಡದೆ ಮಾರುವ ಮರಿಗಳಲ್ಲಿ ಅರ್ಧದಷ್ಟು ಹುಂಜವೇ ಆಗುತ್ತವೆ. ಮೊದಲ ಸಲಕ್ಕೆ 16ರಿಂದ 18 ವಾರದ ಹೇಂಟೆಗಳನ್ನೇ ತರುವುದು ಜಾಣತನ. ಮರಿಗಳಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು, ವಾರವಾರವೂ ಮೂರು ಡಿಗ್ರಿ ಇಳಿಸುವ ಕೆಲಸವೂ ತಪ್ಪುತ್ತದೆ. ಮ್ಯಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಮೊಟ್ಟೆಯೊಡೆದ ದಿನವೇ ಹಾಕಿದ್ದಾರೆಯೇ ಎಂದು ವಿಚಾರಿಸಿ. ಐದು ಹೇಂಟೆ ಸಾಕು. ತಲಾ 250 ಇಟ್ಟರೂ ವಾರಕ್ಕೆ 24 ಮೊಟ್ಟೆ. ಗೂಡಿನೊಳಗೆ ಒಂದಕ್ಕೆ ನಾಲ್ಕು ಚದರಡಿ, ಹೊರಗೆ ಹತ್ತು ಚದರಡಿ ಜಾಗ ಬೇಕು. ಐದನ್ನೂ ಒಂದೇ ಮಂದೆಯಿಂದ, ಒಂದೇ ವಯಸ್ಸಿನವನ್ನು ತನ್ನಿ. ಅಂದಕ್ಕೆಂದು ಗರಿಜುಟ್ಟಿನ ಪೋಲಿಷ್ ಕೋಳಿಯೊಂದನ್ನು ನಡುವೆ ಬಿಟ್ಟರೆ, ಗರಿ ಕಣ್ಣಿಗೆ ಅಡ್ಡ ಬಂದು ಅದಕ್ಕೆ ಕುಕ್ಕಲು ಬರುವವರು ಕಾಣುವುದಿಲ್ಲ. ತಲೆಯಲ್ಲಿ ರಕ್ತ ಬರುವವರೆಗೂ ಉಳಿದವು ಬಿಡುವುದಿಲ್ಲ.

ಕೊನೆಯದಾಗಿ, ಹಗುರ ತಳಿಗಳು 20 ವಾರದ ಹೊತ್ತಿಗೆ ಮೊಟ್ಟೆಗೆ ಬಂದರೆ ಆರ್ಪಿಂಗ್ಟನ್, ಬ್ರಹ್ಮದಂಥ ಭಾರಿ ತಳಿಗಳಿಗೆ 26 ವಾರ, ಇನ್ನೂ ಹೆಚ್ಚೇ ಬೇಕಾದೀತು. ತಡವಾಯಿತೆಂದು ಬಹಳ ಮೊದಲೇ ಮೊಟ್ಟೆಕೋಳಿಯ ಮೇವು ಸುರಿಯಬೇಡಿ. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟಿರುತ್ತದೆ, ಇನ್ನೂ ಮೊಟ್ಟೆಗೆ ಬಾರದ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ. ಜುಟ್ಟು ಕೆಂಪೇರಿ, ನೀವು ಬೆನ್ನು ಮುಟ್ಟಿದಾಗ ಹೇಂಟೆ ರೆಕ್ಕೆ ಅಗಲಿಸಿ ಕುಕ್ಕರಿಸಿದರೆ, ಮೊದಲ ಮೊಟ್ಟೆಗೆ ಹೆಚ್ಚು ದಿನವಿಲ್ಲ. ಮೇವು ಬದಲಿಸುವ ಹೊತ್ತು ಅದು. ನಮಸ್ಕಾರ.