ಹಾರ್ಟ್ ಡಾಕ್ಟರ ಬೋರ್ಡ್ ಮೇಲೆ ಯಾಕಿಷ್ಟು ಅಕ್ಷರ?

ನಮಸ್ಕಾರ. ಮೊನ್ನೆ ವೀಕ್ಷಕರೊಬ್ಬರು ಕ್ಲಿನಿಕ್ ಬೋರ್ಡಿನ ಫೋಟೋ ಕಳಿಸಿದ್ದರು. ಡಾಕ್ಟರ ಹೆಸರು ಒಂದು ಸಾಲು, ಡಿಗ್ರಿ ಎರಡು ಸಾಲು. "ಇದರಲ್ಲಿ ಯಾವುದನ್ನ ನೋಡಬೇಕು ಸಾರ್?"

ಡಿಎಂ ನೋಡಿ, ಎಂಡಿ ಆದ ಮೇಲೆ ಒಂದೇ ವಿಭಾಗದಲ್ಲಿ ಓದುವ ಮೇಲ್ಮಟ್ಟದ ಡಿಗ್ರಿ. ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂಡಿ 3 ವರ್ಷ. ಅದರ ಮೇಲೆ ಡಿಎಂ ಕಾರ್ಡಿಯಾಲಜಿ, ಅಂದರೆ ಹೃದಯದ್ದು, ಇನ್ನೂ 3. ಒಟ್ಟು ಹನ್ನೊಂದೂವರೆ! ನೀಟ್‌ಗೆ ಓದುತ್ತಾ ಕೂತ ವರ್ಷಗಳು ಇದರಲ್ಲಿ ಸೇರಿಲ್ಲ. ಡಿಎಂ ಬದಲು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಆರ್‌ಎನ್‌ಬಿ ಕಾರ್ಡಿಯಾಲಜಿ ಇದ್ದರೂ ಅದೇ ಮಟ್ಟ.

ಡಿಎಂ ಓದುವವರು ಕ್ಯಾಥ್ ಲ್ಯಾಬ್‌ನಲ್ಲಿ ಕಲಿಯುವ ಕೆಲಸ ಗೊತ್ತಲ್ವಾ? ಕೈ ಅಥವಾ ತೊಡೆಯಿಂದ ಸಪೂರ ನಳಿಕೆ ತೂರಿಸಿ ಹೃದಯ ಮುಟ್ಟುವುದು. ಇದಕ್ಕೆ ದಾರಿ ತೋರಿಸಿದವನಿಗೆ ಈ ಅಕ್ಷರ ಒಂದೂ ಇರಲಿಲ್ಲ.

1929, ಜರ್ಮನಿಯ ಎಬರ್ಸ್‌ವಾಲ್ಡೆ. ವೆರ್ನರ್ ಫೋರ್ಸ್‌ಮನ್, 25ರ ಆಸುಪಾಸಿನ ಹುಡುಗ, ಸರ್ಜರಿ ಕಲಿಯುತ್ತಿದ್ದ. ಹೃದಯಕ್ಕೆ ನಳಿಕೆ ತೂರಿಸಿ ನೋಡುತ್ತೇನೆ ಅಂದಾಗ ಹಿರಿಯ ಡಾಕ್ಟರು "ಬೇಡ" ಅಂದಿದ್ದರು. ಸಲಕರಣೆಗಳ ಬೀಗದ ಕೀ ನರ್ಸ್ ಗೆರ್ಡಾ ಡಿಟ್ಸೆನ್ ಕೈಲಿ. "ಸರಿ, ನನ್ನ ಮೇಲೇ ಮಾಡಿ" ಅಂತ ಆಕೆ ಒಪ್ಪಿದರು. ಈ ಪುಣ್ಯಾತ್ಮ ಆಕೆಯನ್ನ ಟೇಬಲ್‌ಗೆ ಕಟ್ಟಿ, ಪಕ್ಕಕ್ಕೆ ತಿರುಗಿ, ತನ್ನದೇ ತೋಳು ಕೊಯ್ದುಕೊಂಡ! ಆಕೆಗೆ ಬಂದ ಕೋಪ ನೀವೇ ಊಹಿಸಿ. ತೋಳಲ್ಲಿ ನಳಿಕೆ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದ. ಎಕ್ಸ್-ರೇ ಪರದೆಯನ್ನ ಕನ್ನಡಿಯಲ್ಲಿ ನೋಡುತ್ತಾ ಒಳಗೆ ತಳ್ಳಿದ. ತುದಿ ಹೃದಯದ ಬಲ ಮೇಲ್ಕೋಣೆ ಮುಟ್ಟಿತು. ಎಕ್ಸ್-ರೇ ತೆಗೆಸಿದ. ಹೊಗಳಿಕೆಗಿಂತ ಬೈಗುಳವೇ ಜಾಸ್ತಿ ಸಿಕ್ಕಿತು.

ನನಗೆ ಜಾಸ್ತಿ ಇಷ್ಟವಾದದ್ದು ಮುಂದಿದೆ. ಆ ನಳಿಕೆ ಹೃದಯಕ್ಕೆ ಅಂತ ಮಾಡಿದ್ದೇ ಅಲ್ಲ, ಮೂತ್ರನಾಳದ್ದು. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಆಗ ಆತ ಸಣ್ಣ ಊರೊಂದರಲ್ಲಿ ಯಾವ ಡಾಕ್ಟರು ಗೊತ್ತಾ? ಯೂರಾಲಜಿಸ್ಟ್! ನಳಿಕೆ ಹೃದಯಕ್ಕೆ ಹೋಯಿತು, ಮನುಷ್ಯ ಮೂತ್ರಕೋಶಕ್ಕೆ. (ಆತ ನಾಜಿ ಪಕ್ಷ ಸೇರಿದ್ದೂ ನಿಜ. ಅದನ್ನ ಮುಚ್ಚಿಟ್ಟು ಸುಮ್ನೆ ಹೀರೋ ಮಾಡಲಾರೆ.)

ಅಯ್ಯೋ, ಟೈಮ್ ಆಯ್ತು. ಉಳಿದದ್ದು ಓಡುತ್ತಾ ಹೇಳುತ್ತೇನೆ. ಎದೆ ತೆರೆದು ಬೈಪಾಸ್ ಮಾಡುವವರು ಸರ್ಜನ್, ಅವರದು ಎಂಸಿಎಚ್, ಡಿಎಂ ಮಟ್ಟದ್ದೇ ಸರ್ಜರಿ ಡಿಗ್ರಿ. ಎಫ್‌ಎಸಿಸಿ, ಎಫ್‌ಆರ್‌ಸಿಪಿ ಎಲ್ಲ ಅನುಭವ ನೋಡಿ ವಿದೇಶಿ ಸಂಸ್ಥೆಗಳು ಕೊಡುವ ಗೌರವ, ಇದ್ದರೆ ಸಂತೋಷ. ಕ್ಲಿನಿಕ್ಕಲ್ಲಿ, ಔಷಧಿ ಚೀಟಿಯಲ್ಲಿ ರಿಜಿಸ್ಟ್ರೇಷನ್ ನಂಬರ್ ಹಾಕಲೇಬೇಕು ಅಂತ ನಿಯಮವಿದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಕೆಎಂಸಿ, ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಂಬರ್.

ಫೋಟೋ ಕಳಿಸಿದವರೇ, ನಿಮ್ಮ ಡಾಕ್ಟರಿಗೆ ಡಿಎಂ ಇದೆ, ಮೊದಲ ಸಾಲಲ್ಲೇ. ನಂಬರ್ ಮಾತ್ರ ಕಾಣಲಿಲ್ಲ. ಬಹುಶಃ ಎರಡು ಸಾಲು ಡಿಗ್ರಿ ಬರೆದ ಮೇಲೆ ಬೋರ್ಡಲ್ಲಿ ಜಾಗ ಉಳಿದಿಲ್ಲ.