ಪಾರ್ಕ್ ಒಳಗೆ ಇನ್ನಷ್ಟು ಪಾರ್ಕಿಂಗ್ ಬೇಕಾ? ಸ್ಯಾನ್ ಡಿಯಾಗೊ ಜಗಳದ ಕಥೆ

ನಮಸ್ಕಾರ. ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು. ಪಾರ್ಕಿಗೆ ಬರುವವರಿಗೆ ಗಾಡಿ ನಿಲ್ಲಿಸಲು ಜಾಗ ಸಾಲದಿದ್ದರೆ, ಪಾರ್ಕ್ ಒಳಗೇ ಪಾರ್ಕಿಂಗ್ ಕಟ್ಟಬೇಕಾ? ಅಮೆರಿಕದ ಸ್ಯಾನ್ ಡಿಯಾಗೊ ಪಾಲಿಕೆ ಇದೇ ವಿಷಯಕ್ಕೆ ವರ್ಷಗಟ್ಟಲೆ ಬಡಿದಾಡಿತು. ಅದನ್ನೇ ನೋಡೋಣ.

(ದೃಶ್ಯ: ಬಾಲ್ಬೋವಾ ಪಾರ್ಕ್ ನಕ್ಷೆ)

ಬಾಲ್ಬೋವಾ ಪಾರ್ಕ್ ಸುಮಾರು 1,200 ಎಕರೆ. ನಟ್ಟನಡುವೆ ಪ್ಲಾಜಾ ಡಿ ಪನಾಮಾ ಎಂಬ ಚೌಕ. 1915ರ ದೊಡ್ಡ ವಸ್ತುಪ್ರದರ್ಶನಕ್ಕೆ, ಜನ ಓಡಾಡಲಿ ಅಂತ ಮಾಡಿದ್ದು. ಆಮೇಲೆ ದಶಕಗಟ್ಟಲೆ ಅಲ್ಲಿ ನಿಂತಿದ್ದು ಕಾರುಗಳು. ಕಲಾ ಮ್ಯೂಸಿಯಂ ಬಾಗಿಲ ಎದುರಿಗೇ!

ಐವತ್ತಕ್ಕೂ ಹೆಚ್ಚು ಕಾರುಗಳಿಗೆ ಅಲ್ಲಿ ಜಾಗ ಇತ್ತು. ಅಷ್ಟೇನಾ ಅನ್ನಿಸಬಹುದು. ಸ್ವಲ್ಪ ಲೆಕ್ಕ ಹಾಕಿ. ಕಾರು ನಿಲ್ಲುವ ಜಾಗ, ಅದು ಒಳಗೆ ಬಂದು ತಿರುಗುವ ದಾರಿ, ಎಲ್ಲಾ ಸೇರಿಸಿದರೆ ಒಂದು ಕಾರಿಗೆ ಸುಮಾರು 300 ಚದರಡಿ ಬೇಕು. ನಮ್ಮ ಟ್ವೆಂಟಿ ಥರ್ಟಿ ಸೈಟ್ ಇದೆಯಲ್ಲ, ಅದು 600 ಚದರಡಿ. ಅಂದರೆ ಎರಡು ಕಾರಿಗೆ ಒಂದು ಸೈಟ್! ಒಂದು ಸಂಸಾರ ಹಾಲ್, ಅಡುಗೆಮನೆ, ರೂಮು ಕಟ್ಟಿಕೊಂಡು ಬದುಕುವ ಜಾಗ. ಐವತ್ತು ಕಾರು ಅಂದರೆ ಇಪ್ಪತ್ತೈದು ಸೈಟ್, ಪಾರ್ಕಿನ ಎದೆಯ ಮೇಲೆ. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ನನಗೆ ಯಾವ ಪಾರ್ಕಿಂಗ್ ಜಾಗವೂ ಚಿಕ್ಕದಾಗಿ ಕಾಣುವುದಿಲ್ಲ.

2010ರಲ್ಲಿ ಇರ್ವಿನ್ ಜೇಕಬ್ಸ್ ಒಂದು ಯೋಜನೆ ತಂದರು. ಫೋನ್ ಚಿಪ್ ಮಾಡುವ ಕ್ವಾಲ್ಕಾಮ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಚೌಕದಿಂದ ಕಾರುಗಳನ್ನು ತೆಗೆಯಬೇಕು ಅನ್ನುವುದು ಅವರ ಆಸೆ. ಆಸೆ ಒಳ್ಳೆಯದೇ. ಆದರೆ ಅದಕ್ಕಾಗಿ ಹಳೆಯ ಕಬ್ರಿಯೊ ಸೇತುವೆಗೆ ಅಂಟಿಕೊಂಡಂತೆ ಒಂದು ಬೈಪಾಸ್ ಸೇತುವೆ, ಜೊತೆಗೆ ನೆಲದಡಿ ಸುಮಾರು 800 ಕಾರುಗಳ ಪೇಯ್ಡ್ ಪಾರ್ಕಿಂಗ್.

2012ರ ಜುಲೈನಲ್ಲಿ ಪಾಲಿಕೆ ಒಪ್ಪಿತು. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಇಲ್ಲಿ ಕೇಳಿ ಮಜಾ. ಇಂಥ ಪಾರಂಪರಿಕ ಜಾಗ ಮುಟ್ಟಬೇಕಾದರೆ, ಯೋಜನೆ ಇಲ್ಲದೆ ಹೋದರೆ ಆ ಜಾಗದಿಂದ ಹೇಳಿಕೊಳ್ಳುವಂಥ ಉಪಯೋಗವೇ ಇರುವುದಿಲ್ಲ ಅಂತ ಪಾಲಿಕೆ ತೋರಿಸಬೇಕಿತ್ತು. 2013ರ ಶುರುವಿನಲ್ಲಿ ನ್ಯಾಯಾಧೀಶರು, ಅದಕ್ಕೆ ಪುರಾವೆ ಇಲ್ಲ ಅಂದರು. ಜನ ದಿನಾ ಬಳಸುತ್ತಿದ್ದ ಜಾಗ ಅಲ್ವಾ ಅದು!

ಅದೇ ವರ್ಷ ಜೂನ್‌ನಲ್ಲಿ ಮೇಯರ್ ಬಾಬ್ ಫಿಲ್ನರ್ ಸುಲಭದ ದಾರಿ ಹಿಡಿದರು. ಚೌಕದಲ್ಲಿ ಪಾರ್ಕಿಂಗ್ ಬಂದ್. ಅಡ್ಡಲಾಗಿ ಗಿಡದ ಕುಂಡ, ಬಿಸಿಲಿಗೆ ಕೊಡೆ, ಕೂರಲು ಕುರ್ಚಿ. ಸೇತುವೆಯೂ ಇಲ್ಲ, ನೆಲ ಅಗೆಯುವುದೂ ಇಲ್ಲ. ಒಂದು ಮೂಲೆಯಲ್ಲಿ ಕಾರುಗಳು ಹಾದುಹೋಗುವುದು ನಿಲ್ಲಲಿಲ್ಲ, ನಿಜ. ಆದರೆ ಚೌಕ ಜನರ ಕೈಗೆ ವಾಪಸ್ ಬಂತು.

ನನ್ನ ಪ್ರಕಾರ ಇಲ್ಲಿಗೇ ಚರ್ಚೆಯ ದಿಕ್ಕು ಬದಲಾಗಬೇಕಿತ್ತು. ಬದಲಾಗಲಿಲ್ಲ. 2015ರಲ್ಲಿ ಮೇಲ್ಮನವಿ ಕೋರ್ಟ್ ಯೋಜನೆಯ ಪರ ನಿಂತಿತು, 2016ರಲ್ಲಿ ಪಾಲಿಕೆ ಹಣಕ್ಕೂ ಒಪ್ಪಿತು. ವೆಚ್ಚ 7 ಕೋಟಿ ಡಾಲರ್ ದಾಟಿತ್ತು. ಅದು ಇನ್ನೂ ಏರತೊಡಗಿದಾಗ ಯೋಜನೆ ಕೈಬಿಟ್ಟರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಟೈಮ್ ಕಮ್ಮಿ ಇದೆ. ಪಾರ್ಕ್ ಬೌಲೆವಾರ್ಡ್ ರಸ್ತೆಯ ಆಚೆ ಇನ್‌ಸ್ಪಿರೇಷನ್ ಪಾಯಿಂಟ್ ಅಂತ ದೊಡ್ಡ ಪಾರ್ಕಿಂಗ್ ಇದೆ. ಅಲ್ಲಿಂದ ಒಳಗೆ ಕರೆದೊಯ್ಯಲು ಉಚಿತ ಟ್ರಾಮ್ ಕೂಡ ಉಂಟು. ಜಾಗವೇ ಇಲ್ಲ ಅಂತಲ್ಲ, ಬಾಗಿಲ ಮುಂದೆಯೇ ಬೇಕು ಅನ್ನುವುದು ತೊಂದರೆ. 2026ರ ಜನವರಿಯಿಂದ ಪಾರ್ಕಿಂಗಿಗೆ ಶುಲ್ಕ ಶುರುವಾಗಿ ಮತ್ತೆ ಗಲಾಟೆ ಎದ್ದಿತು. ಬಡವರಿಗೆ, ದಿನಾ ಬರುವವರಿಗೆ ಹೊರೆ ಅನ್ನುವ ಮಾತು ಸುಳ್ಳಲ್ಲ. ಹಾಗಾಗಿ ಆ ದುಡ್ಡಿನ ಮೊದಲ ಪಾಲು ಟ್ರಾಮಿಗೆ ಹೋಗಲಿ. ಹೆಚ್ಚು ಬಾರಿ ಓಡಲಿ, ಸಂಜೆ ತಡವಾದರೂ ಸಿಗಲಿ. ದೂರದಲ್ಲಿ ಕಾರು ಬಿಟ್ಟ ಅಜ್ಜಿಯೂ ಆಗ ಮ್ಯೂಸಿಯಂ ಬಾಗಿಲಿಗೆ ಆರಾಮಾಗಿ ಬರುತ್ತಾರೆ.