ಥಾಯ್ ಮಸಾಜ್: ಚಾಪೆ ಮೇಲೆ ಮಲಗುವ ಮುಂಚೆ ಬಾಯಿಬಿಟ್ಟು ಹೇಳಬೇಕಾದ್ದು

[ಪರದೆ ಮೇಲೆ: ಬ್ಯಾಂಕಾಕ್‌ನ ಬೀದಿ, ಸಾಲು ಸಾಲು ಮಸಾಜ್ ಅಂಗಡಿಗಳು, ಬಾಗಿಲಲ್ಲಿ ದರದ ಪಟ್ಟಿ]

ನಮಸ್ಕಾರ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಈಗ ನಮ್ಮ ಕಡೆಯಿಂದ ಇಡೀ ಕುಟುಂಬಗಳೇ ಪ್ಯಾಕೇಜ್ ಟೂರ್‌ನಲ್ಲಿ ಹೊರಡುತ್ತವೆ. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರೂ ಜೊತೆಗಿರುತ್ತಾರೆ. ದೇವಸ್ಥಾನ, ಅರಮನೆ, ಮಾರ್ಕೆಟ್ ಅಂತ ಎರಡು ದಿನ ಸುತ್ತಿದ ಮೇಲೆ ಹಿರಿಯರ ಕಾಲು ಸೋತು ಹೋಗುತ್ತದೆ, ಆಗ ಕಣ್ಣಿಗೆ ಬೀಳುವುದೇ ಈ ಅಂಗಡಿ, ಗಂಟೆಗೆ 250ರಿಂದ 400 ಬಾತ್ ಅಂತ ಬೋರ್ಡ್ ಇರುತ್ತದೆ, ಮಕ್ಕಳು ಪ್ರೀತಿಯಿಂದಲೇ "ಮಾಡಿಸ್ಕೋ ಅಮ್ಮ, ಕಾಲು ನೋವು ಹೋಗುತ್ತೆ" ಅಂತ ಒಳಗೆ ಕಳಿಸುತ್ತಾರೆ. ಅಮ್ಮ ದಿನಾ ಬೆಳಗ್ಗೆ ಯಾವ ಮಾತ್ರೆ ನುಂಗುತ್ತಾರೆ ಅನ್ನುವುದು ಆ ಕ್ಷಣಕ್ಕೆ ಯಾರಿಗೂ ನೆನಪಾಗುವುದಿಲ್ಲ.

ಈ ವಿಡಿಯೋ ಮಾಡುತ್ತಿರುವುದು ಅದಕ್ಕೇ. ಥಾಯ್ ಮಸಾಜ್ ಒಳ್ಳೆಯದೇ. ಆದರೆ ಎಲ್ಲರಿಗೂ ಅಲ್ಲ, ಅದರಲ್ಲಿನ ಎಲ್ಲ ಪಟ್ಟುಗಳೂ ಅಲ್ಲ.

ಮೊದಲು ಒಂದು ವಿಷಯ ತೀರಿಸಿಬಿಡೋಣ. ನಮ್ಮಲ್ಲಿ "ಥಾಯ್ ಮಸಾಜ್" ಅಂದ ಕೂಡಲೇ ಕೆಲವರು ಬೇರೆ ಅರ್ಥ ಮಾಡಿಕೊಂಡು ನಗುತ್ತಾರೆ. ಅದು ಆ ಜನರಿಗೆ ಮಾಡುವ ಅನ್ಯಾಯ. ಅಸಲಿ ಥಾಯ್ ಮಸಾಜ್‌ನಲ್ಲಿ ಬಟ್ಟೆ ಬಿಚ್ಚುವುದೇ ಇಲ್ಲ. ಸಡಿಲವಾದ ಅಂಗಿ, ಪೈಜಾಮ ಕೊಡುತ್ತಾರೆ, ನೆಲದ ಮೇಲೆ ಹಾಸಿದ ತೆಳು ಹಾಸಿಗೆಯಲ್ಲಿ ಮಲಗಿಸುತ್ತಾರೆ, ಎಣ್ಣೆ ಹಚ್ಚುವುದಿಲ್ಲ. ಹೆಬ್ಬೆರಳು, ಅಂಗೈ, ಮೊಣಕೈ, ಮಂಡಿ, ಪಾದ, ಇವುಗಳಿಂದ ಒತ್ತುತ್ತಾರೆ. ಜೊತೆಗೆ ನಿಮ್ಮ ಕೈಕಾಲುಗಳನ್ನು ಎಳೆದು, ಮಡಚಿ, ಬಗ್ಗಿಸುತ್ತಾರೆ. ನೀವು ಸುಮ್ನೆ ಮಲಗಿದ್ದರೂ ಬೇರೆಯವರು ನಿಮ್ಮಿಂದ ಆಸನ ಮಾಡಿಸಿದಂತೆ ಆಗುತ್ತದೆ.

[ಪರದೆ ಮೇಲೆ: ವಾಟ್ ಫೋ ಮಂಟಪದ ಕಲ್ಲುಫಲಕಗಳು, ಮನುಷ್ಯ ದೇಹದ ರೇಖಾಚಿತ್ರ]

ಬ್ಯಾಂಕಾಕ್‌ನಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೋ ದೇವಾಲಯ ನೋಡಿರುತ್ತೀರಿ. ಬುದ್ಧನ ಪಾದದ ಹತ್ತಿರ ಫೋಟೋ ತೆಗೆಸಿಕೊಂಡು ಹೊರಡುವವರೇ ಜಾಸ್ತಿ. ದಯವಿಟ್ಟು ಸ್ವಲ್ಪ ನಿಲ್ಲಿ. ಅದೇ ಆವರಣದ ಮಂಟಪವೊಂದರ ಗೋಡೆಗಳಲ್ಲಿ ಕಲ್ಲಿನ ಫಲಕಗಳಿವೆ. ಮನುಷ್ಯನ ದೇಹ, ಅದರ ಮೇಲೆ ಗೆರೆಗಳು, ಗೆರೆಗಳ ಮೇಲೆ ಒತ್ತಬೇಕಾದ ಬಿಂದುಗಳು. 19ನೇ ಶತಮಾನದಲ್ಲಿ ರಾಜ ಮೂರನೇ ರಾಮ ಕೆತ್ತಿಸಿದ್ದು ಇವು. ಯಾರೋ ಒಬ್ಬ ವೈದ್ಯನ ಮನೆಯಲ್ಲಿ ಗುಟ್ಟಾಗಿ ಇರುತ್ತಿದ್ದ ವಿದ್ಯೆಯನ್ನು ಊರಿನವರೆಲ್ಲ ಓದಲಿ ಅಂತ ಗೋಡೆಗೆ ಹಾಕಿಸಿದ್ದು ನನಗಂತೂ ತುಂಬಾ ದೊಡ್ಡ ಕೆಲಸ ಅನಿಸುತ್ತದೆ. 1955ರಲ್ಲಿ ಅಲ್ಲೇ ಒಂದು ಸಾಂಪ್ರದಾಯಿಕ ವೈದ್ಯ ಶಾಲೆ ಶುರುವಾಯಿತು. 2019ರಲ್ಲಿ ಯುನೆಸ್ಕೋ 'ನುವಾದ್ ಥಾಯ್', ಅಂದರೆ ಥಾಯ್ ಮಸಾಜ್ ಅನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶಕ್ಕೂ ಇದಕ್ಕೂ ನಂಟಿದೆ. ಥಾಯ್ ಮಸಾಜ್ ಕಲಿಯುವವರು ಮೊದಲು ಕೈಮುಗಿಯುವುದು ಜೀವಕನಿಗೆ. ಮಗಧದ ಬಿಂಬಿಸಾರನ ಆಸ್ಥಾನ ವೈದ್ಯ, ಬುದ್ಧನಿಗೂ ಔಷಧ ಕೊಟ್ಟವನು, ತಕ್ಷಶಿಲೆಯಲ್ಲಿ ಓದಿದವನು ಎಂದು ಬೌದ್ಧ ಗ್ರಂಥಗಳು ಹೇಳುವ ಆ ಜೀವಕ. ಮಸಾಜ್ ಅವನಿಂದಲೇ ಬಂತು ಅನ್ನುವುದಕ್ಕೆ ಇತಿಹಾಸದ ಪುರಾವೆ ಇಲ್ಲ, ಅದು ಅವರ ನಂಬಿಕೆ. ಬೌದ್ಧ ಧರ್ಮದ ಜೊತೆ ಇಲ್ಲಿಂದ ಹೋದ ಒಂದಷ್ಟು ವೈದ್ಯ, ಅಲ್ಲಿನವರದೇ ನಾಟಿ ವಿದ್ಯೆ ಎರಡೂ ಸೇರಿ ಬೆಳೆದದ್ದು ಎಂದು ನೋಡುವುದು ಸರಿ.

ಕಲ್ಲುಫಲಕದ ಮೇಲಿನ ಆ ಗೆರೆಗಳಿಗೆ ಥಾಯ್ ಜನ 'ಸೆನ್' ಅನ್ನುತ್ತಾರೆ. ದೇಹದಲ್ಲಿ 72,000 ಸೆನ್, ಅದರಲ್ಲಿ 10 ಮುಖ್ಯ ಅನ್ನುವುದು ಅವರ ಲೆಕ್ಕ. ನಮ್ಮ ಯೋಗದಲ್ಲಿ ನಾಡಿಗಳು 72,000 ಅನ್ನುತ್ತಾರೆ, ಅಲ್ವಾ? ದೇಹ ಕೊಯ್ದು ನೋಡಿದರೆ ಈ ಗೆರೆಗಳು ಸಿಗುವುದಿಲ್ಲ. ಆದರೆ ಒತ್ತಿದಾಗ ಕೆಲಸ ಆಗುವುದು ಸ್ನಾಯುಗಳ ಮೇಲೆ, ನರಗಳ ಮೇಲೆ. ಅದು ನಿಜವಾದ ಪರಿಣಾಮ.

[ಪರದೆ ಮೇಲೆ: ಬರಹ – "ಏನು ಒಳ್ಳೆಯದಾಗುತ್ತದೆ?"]

ಸರಿ, ಲಾಭಕ್ಕೆ ಬರೋಣ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಹೆಗಲು ಗಟ್ಟಿಯಾದವರು, ಸ್ನಾಯು ಹಿಡಿದುಕೊಂಡು ಸೊಂಟ ನೋವು ಇರುವವರು, ಇವರಿಗೆ ನಿಜಕ್ಕೂ ಆರಾಮ ಸಿಗುತ್ತದೆ. ನೋವು ಕಡಿಮೆ ಆಗುತ್ತದೆ, ಬಗ್ಗುವುದು ಸಲೀಸಾಗುತ್ತದೆ, ಮನಸ್ಸು ಹಗುರ ಆಗುತ್ತದೆ. ಮಂಡಿ ಸವೆತ ಇರುವವರಿಗೂ ಹದವಾಗಿ ಮಾಡಿದರೆ ಸ್ವಲ್ಪ ಮಟ್ಟಿಗೆ ಹಿತ ಅನ್ನುವ ಅಧ್ಯಯನಗಳಿವೆ. ಆದರೆ ಈ ಆರಾಮ ಹೆಚ್ಚಾಗಿ ಕೆಲವು ದಿನ, ಕೆಲವು ವಾರಗಳ ಮಾತು. ಕೂರುವ ರೀತಿ ಬದಲಾಗದಿದ್ದರೆ, ವ್ಯಾಯಾಮ ಇಲ್ಲದಿದ್ದರೆ ನೋವು ವಾಪಸ್ ಬರುತ್ತದೆ.

ಇನ್ನೊಂದು ಮಾತು. ಥಾಯ್‌ಲೆಂಡಿನವರೇ, ಕೋನ್ ಕೇನ್ ವಿಶ್ವವಿದ್ಯಾಲಯದ ಸಂಶೋಧಕರು, 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆನ್ನು ನೋವಿನ 180 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಥಾಯ್ ಮಸಾಜ್, ಇನ್ನೊಂದಕ್ಕೆ ಎಣ್ಣೆ ಹಚ್ಚಿ ನೀವುವ ಸ್ವೀಡಿಷ್ ಮಸಾಜ್ ಕೊಟ್ಟು ನೋಡಿದರು. ಎರಡೂ ಗುಂಪಿಗೆ ಆರಾಮ ಸಿಕ್ಕಿತು, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗುಣ ಇರುವುದು ಪಳಗಿದ ಕೈಯಲ್ಲಿ, ಹದವಾದ ಒತ್ತಡದಲ್ಲಿ. ಮೈ ಮುರಿದು ಲಟಲಟ ಸದ್ದು ಮಾಡಿಸುವುದರಲ್ಲಿ ಅಲ್ಲ.

"ದೇಹದ ವಿಷ ಹೊರಗೆ ಹೋಗುತ್ತದೆ", "ಶುಗರ್ ವಾಸಿಯಾಗುತ್ತದೆ", "ತೂಕ ಇಳಿಯುತ್ತದೆ" ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ. ಮಸಾಜ್ ಆ ಕೆಲಸ ಮಾಡುವುದಿಲ್ಲ.

[ಪರದೆ ಮೇಲೆ: ಕುತ್ತಿಗೆಯ ಮೂಳೆಗಳ ನಡುವೆ ಹಾದು ಹೋಗುವ ರಕ್ತನಾಳದ ಚಿತ್ರ]

ಈಗ ಅಪಾಯ. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಇದನ್ನು ಪೂರ್ತಿ ಕೇಳಿ.

ಮೊದಲನೆಯದು ಕುತ್ತಿಗೆ. ಮಸಾಜ್ ಮುಗಿಯುವ ಹೊತ್ತಿಗೆ ಕೆಲವರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಏಟಿಗೆ ತಿರುಗಿಸಿ ನೆಟಿಗೆ ತೆಗೆಯುತ್ತಾರೆ. ನಮ್ಮ ಸಲೂನ್‌ಗಳಲ್ಲಿ ಕಟಿಂಗ್ ಆದ ಮೇಲೆ ಮಾಡುತ್ತಾರಲ್ಲ, ಅದೇ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳಲ್ಲಿರುವ ಸಣ್ಣ ತೂತುಗಳ ಮೂಲಕವೇ ಮೇಲೆ ಹೋಗುತ್ತವೆ, ಹಾಗಾಗಿ ತಲೆ ಜೋರಾಗಿ ತಿರುಗಿದಾಗ ಆ ನಾಳ ಎಳೆದುಕೊಂಡು ಅದರ ಒಳಪದರ ಹರಿಯಬಹುದು, ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಇದು ಅಪರೂಪ, ಹೌದು. ಆದರೆ ವಯಸ್ಸಿನ ಹಂಗಿಲ್ಲ, ಆರೋಗ್ಯವಾಗಿರುವ ಯುವಕರಿಗೂ ಆಗಿದೆ. 2024ರಲ್ಲಿ ನಮ್ಮ ರಾಜ್ಯದ ಯುವಕನೊಬ್ಬ ಸಲೂನ್‌ನಲ್ಲಿ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲೇ ಬಂದಿತ್ತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಥಾಯ್‌ಲೆಂಡಿನಲ್ಲಿ ಒಬ್ಬ ಯುವ ಗಾಯಕಿ ಕುತ್ತಿಗೆ ತಿರುಗಿಸುವ ಮಸಾಜ್ ಮಾಡಿಸಿಕೊಂಡ ಕೆಲವು ವಾರಗಳ ನಂತರ ತೀರಿಹೋದರು. ಮಸಾಜೇ ಕೊಂದಿತು ಎಂದು ಜಗತ್ತಿನ ತುಂಬಾ ಸುದ್ದಿಯಾಯಿತು. ಅಲ್ಲಿನ ಆರೋಗ್ಯ ಅಧಿಕಾರಿಗಳು ಬೆನ್ನುಹುರಿಯ ಉರಿಯೂತದ ಕಡೆ ಬೆರಳು ತೋರಿಸಿದರು. ಹಾಗಾಗಿ ಆ ಸಾವನ್ನು ಮಸಾಜ್ ಲೆಕ್ಕಕ್ಕೆ ಬರೆದುಬಿಡುವುದು ಸರಿಯಲ್ಲ. ಆದರೆ ಒಂದು ಮಸಾಜ್ ಆದ ಮೇಲೆ ನೋವು ಬಂದರೆ, ಅದನ್ನು ಸರಿಮಾಡಲು ಮತ್ತೆ ಮತ್ತೆ ಮಸಾಜ್‌ಗೇ ಹೋಗುವುದಿದೆಯಲ್ಲ, ಅದನ್ನು ಆಕೆಯ ಹಾಗೆ ನಾವೂ ಮಾಡುತ್ತೇವೆ. ಮಾಡಬಾರದು. ಹೊಸ ನೋವು, ಜೋಮು, ಕೈಕಾಲಿನಲ್ಲಿ ಶಕ್ತಿ ಇಲ್ಲ ಅನಿಸಿದರೆ ಹೋಗಬೇಕಾದ್ದು ಡಾಕ್ಟರ್ ಹತ್ತಿರ.

ಎರಡನೆಯದು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ. ಅಮೆರಿಕದಿಂದ ಊರಿಗೆ ಬರುವ ನಮ್ಮವರು ಎಷ್ಟೋ ಜನ ದಾರಿಯಲ್ಲಿ ಬ್ಯಾಂಕಾಕ್‌ನಲ್ಲಿ ಇಳಿದು ಎರಡು ದಿನ ಸುತ್ತಿ ಬರುತ್ತಾರೆ. ಅಷ್ಟು ಹೊತ್ತು ವಿಮಾನದಲ್ಲಿ ಕೂತರೆ ಕೆಲವರಿಗೆ ಮೀನಖಂಡದ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಂದೇ ಕಾಲು ಊದಿಕೊಳ್ಳುತ್ತದೆ, ಬೆಚ್ಚಗಾಗುತ್ತದೆ, ನೋಯುತ್ತದೆ. ಪ್ರಯಾಣದ ಸುಸ್ತು ಅಂದುಕೊಂಡು ಅದೇ ಕಾಲನ್ನು ಒತ್ತಿಸಿಕೊಂಡರೆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ದೆಹಲಿಯ ಏಮ್ಸ್ ವೈದ್ಯರು ದಾಖಲಿಸಿದ ಒಂದು ಪ್ರಕರಣದಲ್ಲಿ, ಕಾಲಿಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಯುವಕನಿಗೆ ಪ್ಲಾಸ್ಟರ್ ತೆಗೆದ ಮೇಲೆ ಕಾಲು ಊದಿ ನೋಯುತ್ತಿತ್ತು, ತಾಯಿ ಎಣ್ಣೆ ಹಚ್ಚಿ ನೀವಿದರು, ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಆತ ಉಳಿಯಲಿಲ್ಲ. ಅದು ಥಾಯ್ ಮಸಾಜ್ ಅಲ್ಲ, ಮನೆಯಲ್ಲೇ ಮಾಡಿದ್ದು. ಆದರೆ ಅಪಾಯ ಒಂದೇ. ಇದನ್ನು ಹೇಳುವಾಗ ನನಗೆ ಆ ತಾಯಿಯ ನೆನಪಾಗಿ ಸಂಕಟ ಆಗುತ್ತದೆ. ಒಂದೇ ಕಾಲು ಊದಿದ್ದರೆ ಒತ್ತಬೇಡಿ, ತೋರಿಸಿ. ಇಷ್ಟನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಥಾಯ್ ಮಸಾಜ್‌ನಲ್ಲೇ ಇರುವ ಇನ್ನೊಂದು ಪಟ್ಟು 'ಗಾಳಿಯ ಬಾಗಿಲು ತೆರೆಯುವುದು'. ತೊಡೆಸಂದಿಯಲ್ಲಿ ಮಿಡಿಯುವ ದೊಡ್ಡ ನಾಳದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಅದುಮಿ ಬಿಡುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪ್ ತುಳಿದು ಕಾಲು ತೆಗೆದ ಹಾಗೆ ರಕ್ತ ನುಗ್ಗುತ್ತದೆ, ಕಾಲು ಪೂರ್ತಿ ಬೆಚ್ಚಗಾಗುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಹಿತವೇ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು, ಕಾಲಿನಲ್ಲಿ ನರ ಉಬ್ಬಿರುವವರು ಇದನ್ನು ಬೇಡ ಅನ್ನಬೇಕು. ಆಂಜಿಯೋಗ್ರಾಂಗೆ ತೊಡೆಸಂದಿಯಿಂದ ಟ್ಯೂಬ್ ಹಾಕಿಸಿಕೊಂಡು ಇನ್ನೂ ಜಾಸ್ತಿ ದಿನ ಆಗದವರಂತೂ ಖಂಡಿತ ಬೇಡ ಅನ್ನಿ.

ಮೂಳೆ ಸವೆದಿರುವ ಹಿರಿಯರ ಬೆನ್ನಿನ ಮೇಲೆ ಮಂಡಿ ಊರುವುದು, ಹತ್ತಿ ನಡೆಯುವುದು ಬೇಡವೇ ಬೇಡ. ಪಕ್ಕೆಲುಬು, ಬೆನ್ನುಮೂಳೆ ಬಿರುಕು ಬಿಡಬಹುದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸದ್ದಿಲ್ಲದೆ ತೆಳುವಾಗಿರುತ್ತದೆ, ಎಷ್ಟೋ ಅಮ್ಮಂದಿರಿಗೆ ಅದು ಗೊತ್ತೇ ಇರುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಗಟ್ಟಿಯಾಗಿ ಒತ್ತಿದರೆ ಒಳಗೇ ರಕ್ತ ಕಟ್ಟುತ್ತದೆ. ವರ್ಷಗಟ್ಟಲೆ ಶುಗರ್ ಇದ್ದು ಪಾದದ ಸ್ಪರ್ಶ ಕಡಿಮೆಯಾದವರಿಗೆ ಮಸಾಜ್ ಜೊತೆ ಮೈಗೆ ಒತ್ತುವ ಗಿಡಮೂಲಿಕೆಯ ಬಿಸಿ ಪೊಟ್ಟಣದ ಶಾಖ ಸುಟ್ಟರೂ ತಿಳಿಯುವುದಿಲ್ಲ. ಆ ಪೊಟ್ಟಣ ಮಾತ್ರ ಸೊಗಸಾಗಿರುತ್ತದೆ: ಅರಿಶಿನ, ಮಜ್ಜಿಗೆ ಹುಲ್ಲು, ಕರ್ಪೂರ, ಶುಂಠಿ ಜಾತಿಯ 'ಪ್ಲಾಯ್' ಅನ್ನುವ ಗೆಡ್ಡೆ, ಎಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಹಬೆಯಲ್ಲಿ ಬಿಸಿ ಮಾಡುತ್ತಾರೆ. ಬೇರೆಯವರು ಖಂಡಿತ ಮಾಡಿಸಿಕೊಳ್ಳಿ.

ಡಿಸ್ಕ್ ಜಾರಿ ಕಾಲಿಗೆ ಜೋಮು ಬರುತ್ತಿರುವವರು, ಜ್ವರ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಿ. ಗರ್ಭಿಣಿಯರೂ ಅಷ್ಟೇ, ಅದಕ್ಕೇ ತರಬೇತಿ ಪಡೆದವರ ಹತ್ತಿರ ಮಾತ್ರ.

[ಪರದೆ ಮೇಲೆ: ಅಂಗಡಿಯ ಗೋಡೆಯಲ್ಲಿ ತೂಗುಹಾಕಿದ ಪರವಾನಗಿ]

ಥಾಯ್‌ಲೆಂಡಿನಲ್ಲಿ 2016ರಿಂದ ಇದಕ್ಕೆ ಕಾಯ್ದೆ ಇದೆ. ಅಂಗಡಿಗೆ ಪರವಾನಗಿ ಬೇಕು, ಮಸಾಜ್ ಮಾಡುವವರು ಕನಿಷ್ಠ 150 ಗಂಟೆ ಕಲಿತಿರಬೇಕು. ಆದರೆ ಇದು ಆರಾಮಕ್ಕಾಗಿ ಮಾಡುವ ಮಸಾಜ್‌ಗೆ. ಕಾಯಿಲೆಗೆ ಚಿಕಿತ್ಸೆಯಾಗಿ ಮಾಡುವುದಕ್ಕೆ ಅವರಲ್ಲೇ ಇನ್ನೂ ಹೆಚ್ಚಿನ ಓದು, ಬೇರೆ ಲೈಸೆನ್ಸ್ ಇದೆ. ಬೀದಿಯ ಅಂಗಡಿಯಲ್ಲಿ ಕೂತಿರುವ ಅಕ್ಕ ನಿಮ್ಮ ಡಿಸ್ಕ್ ರಿಪೇರಿ ಮಾಡುತ್ತಾರೆ ಅಂದುಕೊಳ್ಳಬೇಡಿ, ಅದು ಅವರ ಕೆಲಸವೂ ಅಲ್ಲ. ದಿನವಿಡೀ ಹೆಬ್ಬೆರಳು ಊರಿ ಊರಿ ಅವರದೇ ಕೈ, ಸೊಂಟ ಸೋತಿರುತ್ತದೆ. ಒಳ್ಳೆಯ ಮಸಾಜ್ ಸಿಕ್ಕರೆ ಮನಸಾರೆ ಟಿಪ್ಸ್ ಕೊಡಿ.

ಬೆಂಗಳೂರಿನಲ್ಲೇ ಮಾಡಿಸುವುದಾದರೆ ಎಲ್ಲಿ ಕಲಿತಿರಿ, ಎಷ್ಟು ದಿನ ಕಲಿತಿರಿ ಅಂತ ನೇರವಾಗಿ ಕೇಳಿ. ನಾಚಿಕೆ ಬೇಡ, ಒತ್ತುವುದು ನಿಮ್ಮ ಮೈಯನ್ನು. ನಿಮ್ಮ ಆರೋಗ್ಯದ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳದೆ ಮಲಗಿ ಅಂದರೆ ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ಮತ್ತೆ ಬ್ಯಾಂಕಾಕ್‌ಗೆ. ಭಾಷೆ ಬರುವುದಿಲ್ಲ ಅಂತ ಸುಮ್ಮನಿರಬೇಡಿ. "ಬಾವ್ ಬಾವ್" ಅಂದರೆ ಮೆಲ್ಲಗೆ. "ಜೆಪ್" ಅಂದರೆ ನೋಯುತ್ತಿದೆ. ಕುತ್ತಿಗೆ ಮುಟ್ಟಿ ಬೇಡ ಅಂತ ಕೈ ಆಡಿಸಿದರೆ ಯಾರಿಗೂ ಅರ್ಥವಾಗುತ್ತದೆ. ಮಾತ್ರೆಗಳ ವಿಷಯ ಫೋನಿನಲ್ಲಿ ಥಾಯ್‌ಗೆ ಅನುವಾದ ಮಾಡಿ ತೋರಿಸಿ. ಶುರುವಾಗುವ ಮುಂಚೆಯೇ ತೋರಿಸಿ, ಯಾಕೆಂದರೆ ಬೋರಲಾಗಿ ಮಲಗಿದ ಮೇಲೆ ಹೇಳುವುದು ಕಷ್ಟ. ನೋವು ತಡೆದುಕೊಂಡಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಹಿತವಾದ ನೋವು ಒತ್ತಿದ ಜಾಗದಲ್ಲೇ ಇರುತ್ತದೆ, ಉಸಿರು ಬಿಟ್ಟರೆ ಕರಗುತ್ತದೆ. ಚುಚ್ಚುವ, ಉರಿಯುವ, ಕೈಗೋ ಕಾಲಿಗೋ ಕರೆಂಟ್ ಹೊಡೆದ ಹಾಗೆ ಇಳಿಯುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಮೊದಲ ಸಲ ಹೋಗುವ ಹಿರಿಯರಿಗೆ ಪಾದದ ಮಸಾಜ್ ಸಾಕು, ಅದೂ ಮೆಲ್ಲಗೆ. ಪಾದದಲ್ಲಿ ಗಾಯ, ಊತ ಇದ್ದರೆ ಅದೂ ಬೇಡ. ಹೊಟ್ಟೆ ತುಂಬಾ ಊಟ ಮಾಡಿದ ಕೂಡಲೇ ಹೋಗಬೇಡಿ. ಮುಗಿದ ಮೇಲೆ ಧಡಕ್ಕನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು, ಎರಡು ನಿಮಿಷ ಕೂತು ಏಳಿ.

[ಪರದೆ ಮೇಲೆ: ಲಕ್ಷಣಗಳು ಒಂದೊಂದಾಗಿ, ಕೊನೆಗೆ ಫೋನ್ ನಂಬರ್‌ಗಳು]

ಒಂದೆರಡು ದಿನ ಮೈಕೈ ನೋವು ಇದ್ದರೆ ಹೆದರಬೇಡಿ. ಆದರೆ ಮಸಾಜ್ ಆದ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಕುತ್ತಿಗೆಯಲ್ಲೋ ತಲೆಯಲ್ಲೋ ಹಿಂದೆಂದೂ ಇಲ್ಲದ ನೋವು ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನಡೆಯುವಾಗ ಒಂದು ಕಡೆಗೆ ವಾಲಿದರೆ ತಡ ಮಾಡಬೇಡಿ. ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾಗಿ ಎದೆ ನೋವು ಬಂದರೂ ಅಷ್ಟೇ. ಕಾಲಿನ ಶಕ್ತಿ ಹೋದರೆ, ಮೂತ್ರ ಕಟ್ಟಿಕೊಂಡರೆ ಕೂಡ ಆಸ್ಪತ್ರೆಗೇ ಓಡಬೇಕು. ಸ್ಟ್ರೋಕ್ ಆದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯ ಒಳಗೆ ಕೊಡುವಂಥದ್ದು. ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಕಾಯುತ್ತಾ ಕೂತರೆ ಆ ಸಮಯ ಕೈಬಿಟ್ಟು ಹೋಗುತ್ತದೆ.

ಆಸ್ಪತ್ರೆಯಲ್ಲಿ "ಮಸಾಜ್ ಮಾಡಿಸಿದ್ದೆ, ಕುತ್ತಿಗೆ ತಿರುಗಿಸಿದ್ದರು" ಅಂತ ಮರೆಯದೆ ಹೇಳಿ. ಹೇಳದಿದ್ದರೆ ಡಾಕ್ಟರ್‌ಗೆ ಕುತ್ತಿಗೆಯ ನಾಳದ ಅನುಮಾನ ಬರುವುದು ತಡವಾಗಬಹುದು. ಥಾಯ್‌ಲೆಂಡಿನಲ್ಲಿ ಆಂಬುಲೆನ್ಸ್‌ಗೆ 1669, ಟೂರಿಸ್ಟ್ ಪೊಲೀಸ್‌ಗೆ 1155. ನಮ್ಮಲ್ಲಿ 108. ಪ್ರವಾಸಕ್ಕೆ ಹೊರಡುವ ದಿನವೇ ಅಪ್ಪ ಅಮ್ಮನ ಫೋನಿನಲ್ಲಿ ಈ ನಂಬರ್‌ಗಳನ್ನು ಸೇವ್ ಮಾಡಿ, ಅವರ ಮಾತ್ರೆಗಳ ಚೀಟಿಯ ಒಂದು ಫೋಟೋವನ್ನೂ ಅದರಲ್ಲೇ ಇಡಿ.